ಗುಲ್ಮಾರ್ಗ್‌ನ ಹಿಮ: ಸ್ಕೀಯಿಂಗ್‌ಗೆ ಯಾವ ವಾರಗಳನ್ನು ನಂಬಬಹುದು?

ಇಳಿಜಾರು (ಪ್ರಶ್ನೆ):

ನಾವು ನಾಲ್ವರು ಮುಂದಿನ ಚಳಿಗಾಲದಲ್ಲಿ ಸ್ಕೀಯಿಂಗ್‌ಗೆಂದೇ ಗುಲ್ಮಾರ್ಗ್‌ಗೆ ಹೋಗಬೇಕೆಂದಿದ್ದೇವೆ. ನಮ್ಮಲ್ಲಿ ಇಬ್ಬರಿಗೆ ಸ್ಕೀ ಕಟ್ಟಿಕೊಂಡು ನಿಲ್ಲುವುದೇ ಹೊಸದು. ಉಳಿದಿಬ್ಬರು ಸಿದ್ಧಪಡಿಸಿದ ಹಾದಿಗಳಲ್ಲಿ ಧೈರ್ಯವಾಗಿ ಇಳಿಯಬಲ್ಲರಾದರೂ ಆಳವಾದ ಹೊಸ ಹಿಮದಲ್ಲಿ ಅವರಿಗೂ ಅಭ್ಯಾಸವಿಲ್ಲ. ರಜೆ ಹೊಂದಿಸಿಕೊಳ್ಳಬೇಕಾದ್ದರಿಂದ ತಿಂಗಳನ್ನು ಈಗಲೇ ನಿರ್ಧರಿಸಬೇಕಾಗಿದೆ.

ಪ್ರವಾಸಿ ಕೈಪಿಡಿಗಳೆಲ್ಲ ‘ಡಿಸೆಂಬರ್‌ನಿಂದ ಮಾರ್ಚ್‌ವರೆಗೆ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತವೆ. ಆದರೆ 2024ರ ಜನವರಿಯಲ್ಲಿ ಅಲ್ಲಿನ ಹುಲ್ಲುಗಾವಲು ಒಣಗಿ ಕಂದಾಗಿದ್ದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಸ್ಪರ್ಧೆಗಳನ್ನೇ ಮುಂದೂಡಿ ಮಾರ್ಚ್‌ನಲ್ಲಿ ನಡೆಸಿದ್ದೂ ಸುದ್ದಿಯಾಗಿತ್ತು. ಹಾಗಿರುವಾಗ ‘ಸಾಮಾನ್ಯ ಋತು’ ಎಂಬುದು ಅಲ್ಲಿ ಉಳಿದಿದೆಯೇ? ಡಿಸೆಂಬರ್ ಕೊನೆ, ಫೆಬ್ರವರಿ ನಡು, ಮಾರ್ಚ್ ಆರಂಭ, ಈ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳುವುದು ವಿವೇಕ? ಚಳಿ, ಗಾಳಿ, ಗೊಂಡೋಲ (ತಂತಿಯ ಮೇಲೆ ಸಾಗುವ ಕೇಬಲ್ ಕಾರು) ನಿಂತುಹೋಗುವ ಸಂಭವ, ಇವುಗಳ ಬಗ್ಗೆಯೂ ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಹವಾವೀಕ್ಷಕ:

ಗುಲ್ಮಾರ್ಗ್‌ನ ಮಟ್ಟಿಗೆ ತಿಂಗಳ ಲೆಕ್ಕಕ್ಕಿಂತ ಬಿರುಗಾಳಿಗಳ ಲೆಕ್ಕ ಮುಖ್ಯ. ಅಲ್ಲಿಗೆ ಚಳಿಗಾಲದ ಹಿಮವನ್ನು ತರುವುದು ಮುಂಗಾರೂ ಅಲ್ಲ, ಹಿಂಗಾರೂ ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ವಾಯು ವ್ಯವಸ್ಥೆಗಳೇ ಅದನ್ನು ಹೊತ್ತು ತರುತ್ತವೆ. ತೇವದ ಗಾಳಿ ಪೀರ್ ಪಂಜಾಲ್ ಶ್ರೇಣಿಗೆ ಬಡಿದು ಮೇಲೇರುವಾಗ ತಣ್ಣಗಾಗಿ, ಎರಡು ಮೂರು ದಿನ ಹಿಮ ಸುರಿಸಿ, ಪೂರ್ವಕ್ಕೆ ಸಾಗಿಬಿಡುತ್ತದೆ. ಅದರ ಬೆನ್ನಿಗೆ ಸಾಮಾನ್ಯವಾಗಿ ಶುಭ್ರ ಆಕಾಶ, ಕೊರೆಯುವ ರಾತ್ರಿಗಳು, ಕಣ್ಣು ಕೋರೈಸುವ ಹಗಲುಗಳು ಬರುತ್ತವೆ. ಇಡೀ ಋತುವಿನ ಹಿಮವೆಂದರೆ ಇಂಥ ಕೆಲವೇ ದೊಡ್ಡ ಸುತ್ತುಗಳ ಮೊತ್ತ. ಆದ್ದರಿಂದಲೇ ಅವುಗಳಲ್ಲಿ ಎರಡು ಮೂರು ಉತ್ತರಕ್ಕೆ ಸರಿದುಹೋದರೂ, ಅಥವಾ ತೇವವಿಲ್ಲದೆ ಬಂದರೂ, ತಿಂಗಳಿಗೆ ತಿಂಗಳೇ ಬರಿದಾಗುತ್ತದೆ. 2024ರ ಜನವರಿಯಲ್ಲಿ ಆದದ್ದು ಇದೇ. ತಿಂಗಳ ಕೊನೆಗೆ ಸುರಿಯಲಾರಂಭಿಸಿದ ಹಿಮ ಫೆಬ್ರವರಿಯ ಹೊತ್ತಿಗೆ ಇಳಿಜಾರುಗಳನ್ನು ತುಂಬಿ, ಆ ವರ್ಷದ ಕ್ರೀಡಾಕೂಟವೂ ಅಲ್ಲೇ ನಡೆಯಿತು.

ಕಾಶ್ಮೀರದ ಜನರ ಚಳಿಗಾಲದ ಪಂಚಾಂಗ ಇದಕ್ಕೆ ಒಳ್ಳೆಯ ಚೌಕಟ್ಟು ಒದಗಿಸುತ್ತದೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾಯಿ ಕಲಾನ್, ಅನಂತರ ಇಪ್ಪತ್ತು ದಿನ ಚಿಲ್ಲಾಯಿ ಖುರ್ದ್, ಕೊನೆಯ ಹತ್ತು ದಿನ ಚಿಲ್ಲಾಯಿ ಬಚ್ಚಾ. ಚಳಿಯ ತೀವ್ರತೆ ಬಹುಮಟ್ಟಿಗೆ ಈ ಕ್ರಮದಲ್ಲೇ ಇಳಿಯುತ್ತದೆ. ಹಿಮದ ಆಳ ಮಾತ್ರ ಈ ಕ್ರಮವನ್ನು ಪಾಲಿಸುವುದಿಲ್ಲ. ಅದು ಕೂಡುತ್ತಾ ಹೋಗುವ ಲೆಕ್ಕವಾದ್ದರಿಂದ ಚಳಿಯ ಶಿಖರ ದಾಟಿದ ಮೇಲೆಯೇ, ಫೆಬ್ರವರಿ ನಡುವಿನಿಂದ ಮಾರ್ಚ್ ಆರಂಭದವರೆಗೆ, ತನ್ನ ಗರಿಷ್ಠವನ್ನು ಮುಟ್ಟುತ್ತದೆ. ಡಿಸೆಂಬರ್ ಕೊನೆಯಲ್ಲಿ ಹೋದವರಿಗೆ ಚಳಿ ಪೂರ್ತಿ ಸಿಗುತ್ತದೆ, ಹಿಮ ಅರ್ಧ ಸಿಗಬಹುದು.

ಎರಡನೆಯ ಸಂಗತಿ ಎತ್ತರ. ಗುಲ್ಮಾರ್ಗ್ ಎಂದು ನಾವು ಒಂದೇ ಹೆಸರಿನಲ್ಲಿ ಹೇಳುವುದು ಹವಾಮಾನದ ದೃಷ್ಟಿಯಿಂದ ಮೂರು ಬೇರೆ ಜಾಗಗಳು. ಹುಲ್ಲುಗಾವಲಿನ ಬಟ್ಟಲು ಸುಮಾರು 2650 ಮೀಟರ್ ಎತ್ತರದಲ್ಲಿದೆ. ಗೊಂಡೋಲದ ಮೊದಲ ಹಂತ ಮುಗಿಯುವ ಕೊಂಗ್‌ಡೂರಿ ಸುಮಾರು 3100 ಮೀಟರ್. ಎರಡನೆಯ ಹಂತ ಇಳಿಸುವ ಅಫರ್ವಾಟ್‌ನ ಭುಜ 3950 ಮೀಟರ್ ಆಸುಪಾಸು. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕವನ್ನು ಹಿಡಿದರೆ, ಕೆಳಗೆ ಸೊನ್ನೆಗಿಂತ ಒಂದು ಡಿಗ್ರಿ ಮೇಲಿದ್ದು ಜಿಟಿಜಿಟಿ ಮಳೆಯಾಗುತ್ತಿರುವ ಹೊತ್ತಿನಲ್ಲೇ ಮೇಲ್ಗಡೆ ಮೈನಸ್ ಏಳರಲ್ಲಿ ಒಣ ಹಿಮ ಬೀಳುತ್ತಿರುತ್ತದೆ. ‘ಗುಲ್ಮಾರ್ಗ್‌ನಲ್ಲಿ ಹಿಮವಿಲ್ಲ’ ಎಂಬ ಸುದ್ದಿಯ ಚಿತ್ರಗಳು ಹೆಚ್ಚಾಗಿ ಬಟ್ಟಲಿನವು; ಅದೇ ದಿನ ಅಫರ್ವಾಟ್‌ನ ನೆರಳಿನ ಮಗ್ಗುಲುಗಳಲ್ಲಿ ತೆಳುವಾಗಿಯಾದರೂ ಬಿಳುಪು ಉಳಿದಿರಬಹುದು. ಹೊಸಬರಿಗೆ ಅದರಿಂದ ಪ್ರಯೋಜನವಿಲ್ಲ ಎಂಬುದು ಬೇರೆ ಮಾತು, ಏಕೆಂದರೆ ಕಲಿಕೆಯ ಇಳಿಜಾರುಗಳಿರುವುದು ಕೆಳಗೇ.

ಒಟ್ಟಾರೆ ನನ್ನ ಸಲಹೆ: ಫೆಬ್ರವರಿಯ ಎರಡನೆಯ ವಾರದಿಂದ ತಿಂಗಳ ಕೊನೆಯವರೆಗಿನ ಅವಧಿಯಲ್ಲಿ ಹೋಗಿ. ಹೋದ ಮೇಲೆ ಕನಿಷ್ಠ ಒಂದು ವಾರ ಅಲ್ಲಿ ಉಳಿಯಿರಿ. ಮೂರು ದಿನದ ಪ್ರವಾಸ ಪೂರ್ತಿಯಾಗಿ ಒಂದೇ ಬಿರುಗಾಳಿಯೊಳಗೆ ಕಳೆದುಹೋಗಬಹುದು.

ಹೆಜ್ಜೆಗುರುತು:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೊಸಬರಿಬ್ಬರ ಕಡೆಯಿಂದ ಸ್ವಲ್ಪ ಬೇರೆ ರೀತಿ ಯೋಚಿಸಬೇಕು. ಕಲಿಯುವವರಿಗೆ ಮೊಣಕಾಲು ಮುಳುಗುವ ಹಿಮ ವರವಲ್ಲ, ತೊಡಕು. ಸ್ಕೀ ಒಳಗೆ ಹೂತುಹೋಗುತ್ತದೆ, ಬಿದ್ದರೆ ಏಳಲು ಕೈಯೂರಿದಾಗ ತೋಳು ಭುಜದವರೆಗೆ ಇಳಿಯುತ್ತದೆ, ಕಳಚಿಕೊಂಡ ಸ್ಕೀ ಎಲ್ಲಿ ಹೋಯಿತೆಂದು ಹುಡುಕುವುದರಲ್ಲೇ ಬೆಳಗು ಮುಗಿಯುತ್ತದೆ. ಅವರಿಗೆ ಬೇಕಾದದ್ದು ಬಟ್ಟಲಿನ ಇಳಿಜಾರುಗಳಲ್ಲಿ ತುಳಿದು ಗಟ್ಟಿಯಾದ, ಆದರೆ ಮಂಜುಗಡ್ಡೆಯಾಗದ, ಒಂದೆರಡು ಅಡಿ ಹಿಮ. ಒಳ್ಳೆಯ ವರ್ಷದಲ್ಲಿ ಅದು ಜನವರಿ ನಡುವಿಗೇ ಸಿದ್ಧವಾಗಿರುತ್ತದೆ.

ಇನ್ನೊಂದು ಮಾತು. ಯುರೋಪಿನ ಅನೇಕ ಸ್ಕೀ ತಾಣಗಳಲ್ಲಿ ಹಿಮ ಬೀಳದಿದ್ದರೂ ಯಂತ್ರದಿಂದ ತಯಾರಿಸಿದ ಹಿಮ ಮುಖ್ಯ ಹಾದಿಗಳನ್ನು ಕಾಪಾಡುತ್ತದೆ. ಗುಲ್ಮಾರ್ಗ್‌ನಲ್ಲಿ ಬಹುಮಟ್ಟಿಗೆ ಆಕಾಶವನ್ನೇ ನಂಬಬೇಕು. 2025ರಲ್ಲಿ ಕ್ರೀಡಾಕೂಟವನ್ನೇ ಮುಂದೂಡಬೇಕಾಗಿ ಬಂದದ್ದು ಇದನ್ನು ತೋರಿಸುತ್ತದೆ. ಹಾಗಾಗಿ ಎರಡೂ ಬಗೆಯವರಿರುವ ನಿಮ್ಮ ತಂಡಕ್ಕೆ ಫೆಬ್ರವರಿಯೇ ಸರಿ, ಕಾರಣ ಮಾತ್ರ ಬೇರೆ: ಆ ಹೊತ್ತಿಗೆ ಕೆಳಗಿನ ತಳಪಾಯ ಕೂತಿರುವ ಸಾಧ್ಯತೆ ಹೆಚ್ಚು.

ಚಳಿಯ ಬಗ್ಗೆ ಕೇಳಿದ್ದೀರಿ. ಬಟ್ಟಲಿನಲ್ಲಿ ಜನವರಿ–ಫೆಬ್ರವರಿಯ ರಾತ್ರಿಗಳು ಮೈನಸ್ ಹತ್ತರ ಸುತ್ತ ಇಳಿಯುವುದು ವಿಶೇಷವಲ್ಲ. ಗಾಳಿಯಿಲ್ಲದ ಬಿಸಿಲಿನ ಹಗಲಿನಲ್ಲಿ ಜಾಕೆಟ್ ಬಿಚ್ಚುವಂತಾಗುವುದೂ ಉಂಟು. ವಿಚಿತ್ರವೆಂದರೆ, ಒಣಹವೆ ಬಹಳ ದಿನ ನಿಂತಾಗ ತಂಪು ಗಾಳಿ ಕಣಿವೆಯ ತಳಕ್ಕೆ ಇಳಿದು ಅಲ್ಲೇ ಕೂರುವುದರಿಂದ, ಸಾವಿರ ಮೀಟರ್ ಕೆಳಗಿರುವ ಶ್ರೀನಗರದ ರಾತ್ರಿ ಗುಲ್ಮಾರ್ಗ್‌ನ ರಾತ್ರಿಗಿಂತ ಹೆಚ್ಚು ತಣ್ಣಗಿರುತ್ತದೆ. ಶ್ರೀನಗರ ಮಂಜಿನಲ್ಲಿ ಮುಳುಗಿದ್ದು ಮೇಲೆ ಬಿಸಿಲು ಹೊಳೆಯುತ್ತಿದ್ದರೆ ಆಶ್ಚರ್ಯಪಡಬೇಡಿ. ನಿಜವಾಗಿ ಎಚ್ಚರಿಕೆ ಬೇಕಾದದ್ದು ಮೇಲಿನ ಗಾಳಿಗೆ: ಮೈನಸ್ ಹತ್ತು ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ ಇಪ್ಪತ್ತೊಂದರಷ್ಟು ತಟ್ಟುತ್ತದೆ. ಕಿವಿ, ಮೂಗಿನ ತುದಿ, ಬೆರಳು, ಇವೇ ಮೊದಲು ಮರಗಟ್ಟುವುದು.

ಶಿಖರಪಥ:

ಇಲ್ಲಿಯವರೆಗಿನ ಉತ್ತರಗಳು ಹಿಮ ಎಷ್ಟು ಎಂಬುದನ್ನು ಹೇಳಿದವು. ಹಿಮ ಹೇಗೆ ಕೂತಿದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದರಲ್ಲೂ ನಿಮ್ಮಲ್ಲಿ ಸ್ಕೀಯಿಂಗ್ ಬಲ್ಲ ಇಬ್ಬರು ಎರಡನೆಯ ಹಂತಕ್ಕೆ ಹೋಗುವ ಆಸೆ ಇಟ್ಟುಕೊಂಡಿದ್ದರೆ ಇದನ್ನು ಬಿಡುವಂತಿಲ್ಲ.

ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ತೆಳುವಾಗಿ ಹಿಮ ಬಿದ್ದು, ಅನಂತರ ವಾರಗಟ್ಟಲೆ ಆಕಾಶ ಶುಭ್ರವಾಗಿದ್ದರೆ, ನೆಲಕ್ಕೆ ತಾಗಿದ ಹಿಮ ಸೊನ್ನೆಯ ಹತ್ತಿರವೇ ಉಳಿದು, ಮೇಲ್ಮೈ ಮಾತ್ರ ರಾತ್ರಿಯ ಚಳಿಗೆ ಬಹಳ ಕೆಳಗಿಳಿಯುತ್ತದೆ. ಕೆಲವೇ ಅಂಗುಲಗಳ ಅಂತರದಲ್ಲಿ ಇಷ್ಟು ವ್ಯತ್ಯಾಸವಿದ್ದಾಗ ಒಳಗಿನ ನೀರಾವಿ ಕೆಳಗಿನಿಂದ ಮೇಲಕ್ಕೆ ಚಲಿಸುತ್ತಾ ಹರಳುಗಳನ್ನು ದೊಡ್ಡದಾಗಿ, ಚಪ್ಪಟೆ ಮುಖಗಳುಳ್ಳವಾಗಿ ಬೆಳೆಸುತ್ತದೆ. ಒಂದಕ್ಕೊಂದು ಅಂಟುವ ಗುಣ ಹೋಗುತ್ತದೆ. ಕೈಗವಸಿನ ಅಂಗೈಯಲ್ಲಿ ಅಂಥ ಹಿಮವನ್ನು ಹಿಡಿದು ಒತ್ತಿ ನೋಡಿ: ಉಂಡೆಯಾಗುವುದಿಲ್ಲ, ದಪ್ಪ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಸ್ಕೀ ಕೋಲನ್ನು ತಿರುವಿ ಹಿಡಿಕೆಯ ಕಡೆಯಿಂದ ನಿಧಾನವಾಗಿ ಒಳಗೆ ತಳ್ಳಿದರೆ, ಮೇಲೆ ಗಟ್ಟಿಯಾಗಿ ಎದುರಿಸಿದ ಪದರ ದಾಟಿದೊಡನೆ ಕೋಲು ಸರ್ರನೆ ನೆಲದವರೆಗೆ ಇಳಿಯುವುದು ಕೈಗೇ ತಿಳಿಯುತ್ತದೆ. ಇಂಥ ತಳದ ಮೇಲೆ ಫೆಬ್ರವರಿಯ ಒಂದು ದೊಡ್ಡ ಹಿಮಪಾತ ನಾಲ್ಕೈದು ಅಡಿ ಭಾರ ಹೇರಿದರೆ ಇಡೀ ಹಾಸು ಒಮ್ಮೆಗೇ ಜಾರುವುದಕ್ಕೆ ಒಬ್ಬ ಸ್ಕೀಗಾರನ ತೂಕ ಸಾಕು. ಅಂದರೆ ಒಣ ಜನವರಿ ಮುಗಿದು ‘ಅಂತೂ ಹಿಮ ಬಂತು’ ಎಂದು ಎಲ್ಲರೂ ಓಡೋಡಿ ಹೋಗುವ ವಾರಗಳಲ್ಲೇ ಅಪಾಯ ಅತಿ ಹೆಚ್ಚು ಇರಬಹುದು. ಜಾರುವ ಸಂಭವ ಹೆಚ್ಚಿರುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ. ದುರದೃಷ್ಟಕ್ಕೆ ಸ್ಕೀಯಿಂಗ್‌ಗೆ ಅತ್ಯಂತ ಸೊಗಸೆನಿಸುವ ಓರೆಯೂ ಅದೇ.

ಇದು ಬರಿಯ ಪುಸ್ತಕದ ಮಾತಲ್ಲ. 2010ರ ಫೆಬ್ರವರಿ 8ರಂದು ಗುಲ್ಮಾರ್ಗ್‌ಗೆ ಹತ್ತಿರದ ಖಿಲನ್‌ಮಾರ್ಗ್‌ನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನ ತರಬೇತಿ ತಂಡದ ಮೇಲೆ ಹಿಮ ಕುಸಿದು 17 ಯೋಧರು ಸತ್ತರು. ಅವರು ಪರ್ವತವನ್ನೇ ಕಸುಬಾಗಿಸಿಕೊಂಡವರು ಎಂಬುದನ್ನು ನೆನಪಿಡಿ. 2023ರ ಫೆಬ್ರವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಗಾರರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಬಲಿಯಾದರು.

ಗಾಳಿಯ ಪಾತ್ರವೂ ಇದರಲ್ಲಿದೆ. ಹೊಸ ಹಿಮ ಬೀಳದ ದಿನವೂ ಗಾಳಿಯು ಏಣಿನ ಒಂದು ಮಗ್ಗುಲಿನಿಂದ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಗೊಂಡೋಲದ ಮೇಲಿನ ನಿಲ್ದಾಣದಿಂದ ಹೊರಬಂದಾಗ ಕಾಲಡಿ ಬೋಳು ಬಂಡೆ ಕಂಡರೆ ಹಿಮ ಕಡಿಮೆ ಎಂದು ತಿಳಿಯಬಾರದು; ಅದು ಪಕ್ಕದ ಕೊರಕಲಿನಲ್ಲಿ ದಪ್ಪವಾಗಿ ಕೂತಿರುತ್ತದೆ.

ಗುಲ್ಮಾರ್ಗ್‌ನಲ್ಲಿ ಸ್ಕೀ ಪೆಟ್ರೋಲ್‌ನವರು (ಇಳಿಜಾರುಗಳ ಸುರಕ್ಷತೆ ನೋಡುವ ಗಸ್ತಿನವರು) ಸ್ಫೋಟಕ ಬಳಸಿ ಸಡಿಲ ಹಿಮವನ್ನು ಮೊದಲೇ ಬೀಳಿಸಿ ಸುರಕ್ಷಿತಗೊಳಿಸುವುದು ಮುಖ್ಯವಾಗಿ ಎರಡನೆಯ ಹಂತದ ಗೊಂಡೋಲದ ತಂತಿಯ ಕೆಳಗಿರುವ ಬಟ್ಟಲಾಕಾರದ ಇಳಿಜಾರು (ಹುಲ್ಲುಗಾವಲಿನ ಬಟ್ಟಲಲ್ಲ) ಮತ್ತು ಅದರ ಹಾದಿಗಳನ್ನು. ಅದರ ಎರಡೂ ಬದಿಗಳಲ್ಲಿ, ಗಡಿ ಗುರುತಿಸುವ ಹಗ್ಗ ದಾಟಿದ ಮರುಕ್ಷಣದಿಂದ, ನೀವು ಕಾವಲಿಲ್ಲದ ಪರ್ವತದಲ್ಲಿದ್ದೀರಿ. ಅಲ್ಲಿಗೆ ಹೋಗುವವರು ಬೀಕನ್ (ಹೂತವರ ಜಾಗ ತಿಳಿಸುವ ರೇಡಿಯೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸನಿಕೆ ಮೂರನ್ನೂ ಹೊತ್ತಿರಬೇಕು, ಬಳಸಲೂ ತಿಳಿದಿರಬೇಕು, ಜೊತೆಗೆ ಸ್ಥಳೀಯ ಗೈಡ್ ಇರಬೇಕು. ಹೂತುಹೋದವರನ್ನು ಕಾಲು ಗಂಟೆಯೊಳಗೆ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ಕಡಿದಾಗಿ ಇಳಿಯುವುದರಿಂದ ನೆರವು ಕೆಳಗಿನಿಂದ ಬರಲಿ ಎಂದು ಕಾಯುವಂತಿಲ್ಲ. ಆಳವಾದ ಹಿಮದ ಅಭ್ಯಾಸವಿಲ್ಲ ಎಂದು ನೀವೇ ಬರೆದಿರುವುದರಿಂದ ಹಗ್ಗದೊಳಗೇ ಉಳಿಯಿರಿ ಎಂಬುದು ನನ್ನ ಕಳಕಳಿಯ ಸಲಹೆ. ಒಳಗಿನ ಹಾದಿಗಳೇ ನಿಮ್ಮಿಬ್ಬರಿಗೆ ಬೇಕಾದಷ್ಟಿವೆ.

ಇಳಿಜಾರು:

ಮೂವರಿಗೂ ಕೃತಜ್ಞತೆಗಳು. ಫೆಬ್ರವರಿಯ ಎರಡನೆಯ ಭಾಗ ಎಂದು ಬಹುಮಟ್ಟಿಗೆ ನಿರ್ಧರಿಸಿದಂತಾಯಿತು. ಹಗ್ಗದಾಚೆ ಹೋಗುವ ಯೋಚನೆಯನ್ನೂ ಕೈಬಿಟ್ಟಿದ್ದೇವೆ. ಎರಡು ಸಂದೇಹಗಳು ಉಳಿದಿವೆ. ಹೊರಡುವ ಮುಂಚಿನ ವಾರದಲ್ಲಿ ಮುನ್ಸೂಚನೆಯನ್ನು ಹೇಗೆ ಓದಬೇಕು? ‘20 ಮಿಲಿಮೀಟರ್’ ಎಂದಿದ್ದರೆ ಎಷ್ಟು ಹಿಮ ಎಂದು ತಿಳಿಯಬೇಕು? ಎರಡನೆಯದು, ಹಿಮ ಬೀಳುತ್ತಿರುವ ದಿನ ಗೊಂಡೋಲ ನಿಂತರೆ ಆ ದಿನ ಪೂರ್ತಿ ವ್ಯರ್ಥವೇ?

ಹವಾವೀಕ್ಷಕ:

ಮಿಲಿಮೀಟರ್ ಎಂದು ಕೊಡುವುದು ಕರಗಿಸಿದ ನೀರಿನ ಅಳತೆ. ಸಾಧಾರಣ ಚಳಿಯಲ್ಲಿ ಒಂದು ಮಿಲಿಮೀಟರ್ ನೀರಿಗೆ ಒಂದು ಸೆಂಟಿಮೀಟರ್ ಹೊಸ ಹಿಮ ಎಂದು ಲೆಕ್ಕ ಹಿಡಿಯಬಹುದು. ತೀವ್ರ ಚಳಿಯಲ್ಲಿ ಹರಳುಗಳು ಹಗುರವಾಗಿ ಬಿಡಿಬಿಡಿಯಾಗಿ ಬೀಳುವುದರಿಂದ ಅದೇ ನೀರು ಒಂದೂವರೆ ಎರಡು ಸೆಂಟಿಮೀಟರ್ ಆಗಬಹುದು. ಸೊನ್ನೆಯ ಹತ್ತಿರ ಒದ್ದೆಯಾಗಿ ಬಿದ್ದರೆ ಅರ್ಧಕ್ಕೆ ಇಳಿಯಬಹುದು. ಹಾಗಾಗಿ ನೀವು ಕೇಳಿದ 20 ಮಿಲಿಮೀಟರ್ ಎಂಬುದು ಮೇಲ್ಗಡೆ ಮೊಣಕಾಲಿನ ಹತ್ತಿರದ ಪೌಡರ್ ಹಿಮ (ಹಗುರವಾದ ಒಣ ಹಿಮ), ಬಟ್ಟಲಿನಲ್ಲಿ ಪಾದ ಮುಳುಗುವ ಹಸಿ ಹಿಮ, ಬೆಟ್ಟದ ಬುಡದ ಊರಾದ ಟಂಗ್‌ಮಾರ್ಗ್‌ನಲ್ಲಿ ಬರಿಯ ಮಳೆ, ಮೂರೂ ಆಗಬಹುದು. ಬಿದ್ದ ಹಿಮವೂ ಹಾಗೇ ಉಳಿಯುವುದಿಲ್ಲ. ತನ್ನದೇ ಭಾರಕ್ಕೆ ಒಂದೆರಡು ದಿನದಲ್ಲಿ ಗಣನೀಯವಾಗಿ ಕುಗ್ಗುತ್ತದೆ.

ಆದ್ದರಿಂದ ಮುನ್ಸೂಚನೆಯಲ್ಲಿ ಮೊದಲು ನೋಡಬೇಕಾದದ್ದು ಅದು ಯಾವ ಎತ್ತರಕ್ಕೆ ಕೊಟ್ಟದ್ದು ಎಂಬುದನ್ನು. ಅನಂತರ ಸೊನ್ನೆ ಡಿಗ್ರಿಯ ಮಟ್ಟ ಎಷ್ಟು ಎತ್ತರದಲ್ಲಿದೆ ಎಂದು ನೋಡಿ. ಅದು 2500 ಮೀಟರ್‌ಗಿಂತ ಕೆಳಗಿದ್ದರೆ ಬಟ್ಟಲಿನಲ್ಲೂ ಒಳ್ಳೆಯ ಹಿಮ ನಿರೀಕ್ಷಿಸಬಹುದು. ಶ್ರೀನಗರದ ಹವಾಮಾನ ಕೇಂದ್ರ ಪ್ರತಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಬರುವ ಕೆಲವು ದಿನ ಮೊದಲೇ ಸೂಚನೆ ಕೊಡುತ್ತದೆ. ಹಿಮಕುಸಿತದ ಎಚ್ಚರಿಕೆ ಪ್ರತ್ಯೇಕ. ರಕ್ಷಣಾ ಸಂಶೋಧನಾ ಸಂಸ್ಥೆಯ ಅಂಗವಾದ ಡಿಜಿಆರ್‌ಇ ಅದನ್ನು ಪ್ರಕಟಿಸುತ್ತದೆ. ಮೂರು ದಿನಗಳಾಚೆಯ ಸೆಂಟಿಮೀಟರ್ ಲೆಕ್ಕವನ್ನು ನಾನು ಓದುವುದೇ ಇಲ್ಲ. ಬಿರುಗಾಳಿ ಬರುತ್ತದೆಯೇ ಇಲ್ಲವೇ ಎಂಬುದಷ್ಟನ್ನೇ ಅಷ್ಟು ದೂರದಿಂದ ನಂಬಬಹುದು.

ಹೆಜ್ಜೆಗುರುತು:

ಗೊಂಡೋಲದ ಪ್ರಶ್ನೆಗೆ: ಎರಡೂ ಹಂತಗಳು ಒಟ್ಟಿಗೇ ನಿಲ್ಲಬೇಕೆಂದಿಲ್ಲ. 1998ರಲ್ಲಿ ಆರಂಭವಾದ ಮೊದಲ ಹಂತ ಹೆಚ್ಚಾಗಿ ಕಾಡಿನ ಆಸರೆಯಲ್ಲಿ ಏರುವುದರಿಂದ ಸಾಧಾರಣ ಹಿಮಪಾತದಲ್ಲೂ ನಡೆಯುತ್ತಿರುತ್ತದೆ. 2005ರಲ್ಲಿ ಸೇರಿದ ಎರಡನೆಯ ಹಂತ ಮರಗಳಿಲ್ಲದ ತೆರೆದ ಇಳಿಜಾರಿನ ಮೇಲೆ ಹಾದುಹೋಗುತ್ತದೆ. ಗಾಳಿ ಜೋರಾದರೆ ಮೊದಲು ನಿಲ್ಲುವುದು ಅದು. ಹಿಮ ನಿಂತು ಬಿಸಿಲು ಬಂದ ಮೊದಲ ದಿನವೂ ಪೆಟ್ರೋಲ್‌ನವರ ಕೆಲಸ ಮುಗಿಯುವವರೆಗೆ, ಕೆಲವೊಮ್ಮೆ ಇಡೀ ದಿನ, ಅದು ಮುಚ್ಚಿರುತ್ತದೆ. ನೀಲಿ ಆಕಾಶವನ್ನು ನೋಡಿ ‘ಇನ್ನೂ ಏಕೆ ಬಿಡುತ್ತಿಲ್ಲ’ ಎಂದು ಸರತಿಯಲ್ಲಿ ಗೊಣಗುವವರಿಗೆ ಶಿಖರಪಥ ಅವರ ಉತ್ತರವನ್ನು ಓದಿಸಬೇಕು.

ಹಿಮ ಸುರಿಯುತ್ತಿರುವ ದಿನ ಮೇಲೆ ಹೋಗಲು ಬಿಟ್ಟರೂ ಸುಖವಿಲ್ಲ. ನೆರಳೇ ಬೀಳದ ಆ ಬೆಳಕಿನಲ್ಲಿ ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಆರಂಭವಾಯಿತು ಎಂದು ತಿಳಿಯುವುದಿಲ್ಲ. ನಿಂತೇ ಇದ್ದೇವೆಂದುಕೊಂಡವರು ನಿಧಾನವಾಗಿ ಜಾರುತ್ತಿರುತ್ತಾರೆ. ಅಂಥ ದಿನ ಕೊಂಗ್‌ಡೂರಿಯಿಂದ ಕೆಳಗೆ, ದೇವದಾರು ಜಾತಿಯ ಮರಗಳ ನಡುವಿನ ಸಿದ್ಧ ಹಾದಿಯೇ ಒಳ್ಳೆಯದು. ಮರದ ಕಾಂಡಗಳು ಕಪ್ಪಾಗಿ ಕಾಣುವುದರಿಂದ ಕಣ್ಣಿಗೆ ಆಧಾರ ಸಿಗುತ್ತದೆ, ಗಾಳಿಯೂ ಕಡಿಮೆ. ಹೊಸಬರಿಬ್ಬರು ಬಟ್ಟಲಿನಲ್ಲೇ ಪಾಠ ಮುಂದುವರಿಸಬಹುದು. ಇಂಥ ಮಂಕು ಬೆಳಕಿಗೆಂದು ಕಪ್ಪು ಗಾಜಿನ ಕನ್ನಡಕದ ಜೊತೆಗೆ ಹಳದಿ ಅಥವಾ ಗುಲಾಬಿ ಛಾಯೆಯ ಇನ್ನೊಂದು ಗಾಜು ಇರಲಿ.

ರಸ್ತೆಗೂ ಒಂದು ದಿನ ಮೀಸಲಿಡಿ. ಹಿಮಪಾತವಾದಾಗ ಟಂಗ್‌ಮಾರ್ಗ್‌ನಿಂದ ಮೇಲಿನ ಸುಮಾರು 13 ಕಿಲೋಮೀಟರ್ ದಾರಿಯಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರ ಎಳೆಯುವ ವಾಹನಗಳನ್ನು ಮಾತ್ರ ಬಿಡುತ್ತಾರೆ. ಶ್ರೀನಗರದ ವಿಮಾನಗಳೂ ಅದೇ ದಿನಗಳಲ್ಲಿ ರದ್ದಾಗುವುದರಿಂದ ಹಿಂದಿರುಗುವ ಮರುದಿನವೇ ಕಚೇರಿಗೆ ಹೋಗಬೇಕೆಂಬ ಏರ್ಪಾಡು ಮಾಡಿಕೊಳ್ಳಬೇಡಿ.

ಬಿಸಿಲುಗಣ್ಣು:

ಮಾರ್ಚ್ ಪರವಾಗಿ ಯಾರೂ ಮಾತನಾಡಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಗುಲ್ಮಾರ್ಗ್ ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಆಲ್ಪ್ಸ್ 46ರ ಆಸುಪಾಸಿನಲ್ಲಿದೆ. ಹಾಗಾಗಿ ಇಲ್ಲಿನ ನಡುಹಗಲಿನ ಸೂರ್ಯ ಅಲ್ಲಿಗಿಂತ ಹನ್ನೆರಡು ಡಿಗ್ರಿ ಮೇಲಿರುತ್ತಾನೆ. ಮಾರ್ಚ್ ಬಂತೆಂದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳ ಪೌಡರ್ ಹಿಮ ಒಂದೇ ಹಗಲಿನಲ್ಲಿ ಹದ ಕೆಡುತ್ತದೆ ಎಂಬುದು ನಿಜ. ಆದರೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ಚಕ್ರ ಕೆಲವು ದಿನ ನಡೆದರೆ ಮೇಲ್ಮೈಯಲ್ಲಿ ದುಂಡಗಿನ ಒರಟು ಹರಳುಗಳ ಸಮತಟ್ಟಾದ ಪದರವೊಂದು ಸಿದ್ಧವಾಗುತ್ತದೆ. ಸ್ಕೀಗಾರರು ಕಾರ್ನ್ ಹಿಮ ಎನ್ನುವುದು ಇದನ್ನೇ. ಬೆಳಗ್ಗೆ ಬೇಗ ಹೋದರೆ ಅದು ಕಲ್ಲಿನಂತಿದ್ದು ಸ್ಕೀ ಅಂಚು ಕಿರ್ರೆಂದು ಸದ್ದು ಮಾಡುತ್ತದೆ. ಬಿಸಿಲು ತಾಗಿ ಮೇಲಿನ ಒಂದಂಗುಲ ಮಾತ್ರ ಸಡಿಲಗೊಂಡಾಗ, ಮಧ್ಯಮ ಮಟ್ಟದ ಸ್ಕೀಗಾರರಿಗೆ ಅದಕ್ಕಿಂತ ಸಲೀಸಾದ ಹಿಮ ಇನ್ನೊಂದಿಲ್ಲ. ಮಧ್ಯಾಹ್ನವಾಗುತ್ತಿದ್ದಂತೆ ಅದು ಕೆಸರಾಗಿ ಮೊಣಕಾಲು ತಿರುಚುವಂತಾಗುತ್ತದೆ. ಬಿಸಿಲಿನ ಮಗ್ಗುಲುಗಳಲ್ಲಿ ಹಸಿ ಹಿಮ ಕುಸಿಯುವ ಹೊತ್ತೂ ಅದೇ.

2025ರಲ್ಲಿ ಫೆಬ್ರವರಿಯ ಕೊನೆಯ ದಿನಗಳಲ್ಲಿ ಭಾರೀ ಹಿಮ ಬಿದ್ದು, ಮುಂದೂಡಿದ್ದ ಸ್ಪರ್ಧೆಗಳು ಮಾರ್ಚ್ 9ರಿಂದ 12ರವರೆಗೆ ನಡೆದವು. ಫೆಬ್ರವರಿ ಕೊನೆಯ ವಾರಕ್ಕೆ ಟಿಕೆಟ್ ಕಾಯ್ದಿರಿಸುವುದಾದರೆ ಮಾರ್ಚ್ ಮೊದಲ ವಾರಕ್ಕೆ ಬದಲಾಯಿಸಿಕೊಳ್ಳಲು ಅವಕಾಶವಿರುವ ಟಿಕೆಟನ್ನೇ ತೆಗೆದುಕೊಳ್ಳಿ. ಹೊರಡುವುದಕ್ಕೆ ಹತ್ತು ದಿನ ಮೊದಲು ಬಟ್ಟಲಿನಲ್ಲಿ ಎಷ್ಟು ಹಿಮವಿದೆ ಎಂದು ನಿಮ್ಮ ಸ್ಕೀ ಶಿಕ್ಷಕರನ್ನೇ ದೂರವಾಣಿಯಲ್ಲಿ ಕೇಳಿ. ಕಲಿಕೆಯ ಇಳಿಜಾರಿನಲ್ಲಿ ಹುಲ್ಲು ಕಾಣುತ್ತಿದೆ ಎಂದು ಅವರು ಹೇಳಿದರೆ ಒಂದು ವಾರ ಮುಂದಕ್ಕೆ ಹಾಕಿಕೊಳ್ಳಿ.